ಆಗದೆ ಹೋದದ್ದರ ಕಾಲಂ

ನಮ್ಮ ಯಂತ್ರದ ಹೆಸರು ಮುದ್ದೆ.
ಹೆಸರಿಟ್ಟವನು ತಿಪ್ಪೇಶ, ಬೆಸುಗೆ ಹಾಕಿದವನೂ ಅವನೇ;
ಮೂಲೆಗಳನ್ನು ಉಜ್ಜಿ ಉಜ್ಜಿ ಗುಂಡಗೆ ಮಾಡಿದ್ದ
ಯಾರಿಗೂ ತರಚಬಾರದೆಂದು.
ಕೈಗೆ ಮಾತ್ರ ಎಸ್.ಪಿ. ರೋಡಿನ ಹಳೇ ಮೋಟಾರು,
ಎರಡನೇ ಪಂದ್ಯಕ್ಕೇ ಸುಟ್ಟ ವಾಸನೆ,
ಎತ್ತಿದ ಬಳೆ ಎತ್ತಿದಲ್ಲೇ ನಿಂತಿತು.

ಆಟ ಇಷ್ಟೇ: ಎರಡೂವರೆ ನಿಮಿಷ,
ಈ ಕಡೆ ಇಬ್ಬರು, ಆ ಕಡೆ ಇಬ್ಬರು,
ನೆಲದ ಹಳದಿ ಬಳೆ ಹೆಕ್ಕಿ ಕಂಬಕ್ಕೆ ತೊಡಿಸಬೇಕು.
ಬಳೆಗೆ ಮೂರು ಅಂಕ.
ಓಡಿಸುವವಳು ಶಬ್ರೀನ್. ನಾನು
ಮೇಲಿನ ಮೆಟ್ಟಿಲಲ್ಲಿ ನೋಟ್‌ಬುಕ್ಕು ಹಿಡಿದು ಕೂತವಳು.
ನಲವತ್ತು ತಂಡ, ತಂಡಕ್ಕೊಂದು ಪುಟ:
ಯಾರದ್ದು ಎಷ್ಟು ಸೆಕೆಂಡಿಗೆ ಒಂದು ಬಳೆ,
ಯಾರದ್ದು ಎಡಕ್ಕೆ ಹೊರಳಲು ತಿಣುಕುತ್ತದೆ,
ಗಾಬರಿಯಾದರೆ ಯಾರು ತುಟಿ ಕಚ್ಚುತ್ತಾರೆ.

ಸರ್ಜಾಪುರ ರಸ್ತೆಯ ಶಾಲೆ, ಹದಿನೇಳನೇ ಪುಟ,
ಒಂಬತ್ತು ಸೆಕೆಂಡಿಗೊಂದು.
ಅದರ ಹೆಸರು ಇಂಗ್ಲಿಷಿನಲ್ಲಿ ಏನೋ ಮಿಂಚು.

ನಾಕೌಟಿಗೆ ಜೊತೆ ಆರಿಸುವ ಹೊತ್ತು
ಕೈ ಸತ್ತ ಮುದ್ದೆಯನ್ನು ಯಾರು ಕರೆದಾರು?
ಕೊನೆಗೆ ಉಳಿದದ್ದು ನಾವು, ಮತ್ತು ಚಕ್ರ ಕಳಚಿದ ಇನ್ನೊಂದು.
ಕೋಲಾರದ ಹುಡುಗರು ನಮ್ಮ ಕಡೆ ಬೆರಳು ತೋರಿಸಿದರು,
ಖುಷಿಯಿಂದೇನಲ್ಲ.

ನೋಟ್‌ಬುಕ್ಕು ಬಿಚ್ಚಿದೆ. ನಾವು ಬಳೆ ಮುಟ್ಟಲ್ಲ,
ಬರೀ ಅಡ್ಡ ನಿಲ್ತೀವಿ, ಅಂದೆ.
ಎಲ್ಲಿ ಕಲಿತೆ ಇದನ್ನ?
ಗೊರಗುಂಟೆಪಾಳ್ಯದ ಸಿಗ್ನಲ್ಲಲ್ಲಿ.
ಅಲ್ಲಿ ಒಂದು ಬಸ್ಸು ಅರ್ಧ ತಿರುಗಿ ನಿಂತರೆ ಸಾಕು,
ನೆಲಮಂಗಲದ ತನಕ ಹಾರ್ನು.

ಗೋಡೆಗೆ ಒತ್ತಿ ಹಿಡಿಯಬಹುದು, ಐದು ಎಣಿಸುವ ತನಕ.
ಆರಕ್ಕೆ ದಂಡ.
ರೆಫರಿ ತೋಳು ಬೀಸಿ ಬೀಸಿ ಎಣಿಸುತ್ತಾರೆ.
ಶಬ್ರೀನ್ ಕಬಡ್ಡಿ ಆಡಿದವಳು,
ಉಸಿರು ಎಲ್ಲಿ ಮುಗಿಯುತ್ತದೆಂದು
ಅವಳಿಗೆ ಬೇರೆಯವರು ಹೇಳಬೇಕಿಲ್ಲ.

ಒಂದು. ಎರಡು. ಮೂರು. ನಾಲ್ಕು.
ಹಿಂದೆ.
ಮಿಂಚು ಹೊರಳುವಷ್ಟರಲ್ಲಿ ಮತ್ತೆ ಮುಂದೆ.
ಬಲಗಡೆ ಮುಚ್ಚು ಶಬ್ರೀನ್, ಬಲಗಡೆ ಮಾತ್ರ,
ಎಡಕ್ಕೆ ಅದು ಹೇಗೂ ತಿಣುಕುತ್ತೆ!
ಒಂದು. ಎರಡು. ಮೂರು. ನಾಲ್ಕು. ಹಿಂದೆ.
ಆ ಹುಡುಗ ತುಟಿ ಕಚ್ಚಿದ.
ಹಿಂದಿನ ಸಾಲಿನಿಂದ ಯಾರದೋ ಅಪ್ಪ:
ಆಡೋಕೆ ಬರಲ್ವಾ? ನಿಂತ್ಕೊಳ್ಳೋದೂ ಒಂದು ಆಟಾನಾ?
ನಾನು ತಿರುಗಲಿಲ್ಲ. ಪೆನ್ಸಿಲ್ಲಿನ ತುದಿ ಮುರಿಯಿತು.

ಮೂವತ್ತಮೂರು, ಇಪ್ಪತ್ತೇಳು. ಗೆದ್ದೆವು.
ಹನ್ನೊಂದು ಬಳೆಯೂ ಕೋಲಾರದವರದೇ.
ಪರದೆಯ ಮೇಲೆ ಮುದ್ದೆಯ ಎದುರು
ದೊಡ್ಡದಾಗಿ, ಗುಂಡಗೆ, ಅದರದೇ ಫೋಟೋದ ಹಾಗೆ,
ಸೊನ್ನೆ.

ನನ್ನ ನೋಟ್‌ಬುಕ್ಕಿನಲ್ಲೂ ಇದಕ್ಕೆ ಜಾಗವಿರಲಿಲ್ಲ.
ಹದಿನಾರು ತೊಡಿಸಬೇಕಿದ್ದ ಮಿಂಚು ತೊಡಿಸಿದ್ದು ನಾಲ್ಕು.
ಉಳಿದ ಹನ್ನೆರಡು ನೆಲದಲ್ಲೇ ಬಿದ್ದಿದ್ದವು,
ಯಾರೋ ಪುಟ್ಟ ಹುಡುಗ ಅವನ್ನು ಬುಟ್ಟಿಗೆ ತುಂಬುತ್ತಿದ್ದ.
ಅಂಚಿನಲ್ಲಿ ಗೆರೆ ಎಳೆದು ಬರೆದೆ:
ಆಗದೆ ಹೋದದ್ದು. ಹನ್ನೆರಡು.

ಅಮ್ಮ ಪೀಣ್ಯದ ವಾಲ್ವ್ ಫ್ಯಾಕ್ಟರಿಯಲ್ಲಿ ಕೊನೇ ಮೇಜಿನವಳು.
ಗೇಜು ತೂರಿಸಿ ನೋಡಿ, ಕೂದಲೆಳೆ ತಪ್ಪಿದ್ದನ್ನು
ಕೆಂಪು ಡಬ್ಬಿಗೆ ಹಾಕುತ್ತಾಳೆ, ದಿನಕ್ಕೆ ಆರುನೂರು.
ಎಲ್ಲೋ ಒಂದು ಊರಲ್ಲಿ ಈ ರಾತ್ರಿ ಸಿಡಿಯದ ಪೈಪಿಗೆ
ಅಮ್ಮನ ಹೆಸರು ಗೊತ್ತಿಲ್ಲ.

ಸೆಮಿಫೈನಲ್ಲಿನಲ್ಲಿ ಸೋತೆವು.
ಆ ಕಡೆಯೂ ಒಬ್ಬಳು ಕೂತಿದ್ದಳು,
ಅವಳ ನೋಟ್‌ಬುಕ್ಕು ನನ್ನದಕ್ಕಿಂತ ದಪ್ಪ.
ಮುದ್ದೆ ಅಡ್ಡ ಬರುವ ಮೊದಲೇ
ಮುದ್ದೆಗೇ ಅಡ್ಡ ಬಂದರು.

ಬಸ್ಸಿನಲ್ಲಿ ನನಗೂ ಶಬ್ರೀನ್‌ಗೂ ಶೂನ್ಯ ಟಿಕೆಟ್ಟು,
ತಿಪ್ಪೇಶನಿಗೆ ದುಡ್ಡಿನದು, ಮುದ್ದೆಗೆ ಲಗೇಜು.
ಸೊನ್ನೆ ಹೊಡೆದೋನು ಇವನು, ಸೊನ್ನೆ ಸಿಕ್ಕಿದ್ದು ನಿಮಗೆ,
ಅಂತ ಗೊಣಗಿದ ತಿಪ್ಪೇಶ.

ಗೊರಗುಂಟೆಪಾಳ್ಯ. ಮುಂದೊಂದು ಬಸ್ಸು, ಅರ್ಧ ತಿರುಗಿ.
ಶಬ್ರೀನ್ ಕಿಟಕಿಯಾಚೆ ತೋಳು ಬೀಸಿ ಎಣಿಸತೊಡಗಿದಳು.
ನಾಲ್ಕು. ಐದು.
ಆರು. ಏಳು. ಯಾರಿಗೂ ದಂಡವಿಲ್ಲ.
ನೂರಾಹತ್ತರ ಸುಮಾರಿಗೆ ದನಿ ನಿಂತಿತು.
ತಿರುಗಿ ನೋಡಿದರೆ ನಿದ್ದೆ,
ಕೆನ್ನೆ ಮುದ್ದೆಯ ಮೂಲೆಗೆ ಒರಗಿ.